ನಾನು ತಿನ್ನುವುದಿಲ್ಲವಂತೆ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಹಾವುಮೀನಿನ ಆಕಾರದ ಒಂದು ಆಯಸ್ಕಾಂತವಿದೆ. ಜಪಾನಿನ ಈ ಹಮಾಮತ್ಸು ಊರಿಗೆ ಹಾವುಮೀನು ಅಂದರೆ ನಮ್ಮ ದಾವಣಗೆರೆಗೆ ಬೆಣ್ಣೆದೋಸೆ ಇದ್ದ ಹಾಗೆ. ಬಿಸ್ಕತ್ತಿನ ಡಬ್ಬಿಯಿಂದ ಹಿಡಿದು ಬೀಗದ ಕೈಯ ಗೊಂಚಲಿನವರೆಗೆ ಎಲ್ಲದರ ಮೇಲೂ ಅದೇ. ಒಂದು ತಿಂಗಳಿನಿಂದ ಆ ಮೀನು ಏನನ್ನೂ ಹಿಡಿಯದೆ ಸುಮ್ಮನೆ ಅಂಟಿಕೊಂಡಿದೆ. ಅದರ ಕೆಳಗೆ ಮೊದಲು ಒಂದು ಕಾಗದವಿತ್ತು. ಕಾಗದವಿದ್ದ ಜಾಗ ಬೆಳ್ಳಗೆ ಉಳಿದಿದೆ, ಸುತ್ತ ಒಗ್ಗರಣೆಯ ಜಿಡ್ಡು. ಇವತ್ತು ಬೆಳಿಗ್ಗೆ ಹಾಲು ತೆಗೆಯಲು ಹೋದಾಗ ಆ ಬಿಳಿ ಚೌಕ ಕಣ್ಣಿಗೆ ಬಿದ್ದು ಮತ್ತೆ ಸಿಟ್ಟು ಬಂತು. ಸಿಟ್ಟು ಹಳಸುವ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನೀವು ಹೋಟೆಲಿಗೆ ಹೋಗುವುದು ಹೇಗೆ? ಹಸಿವಾಗುತ್ತದೆ, ಹೋಗುತ್ತೀರಿ, ಜಾಗ ಇದ್ದರೆ ಕೂರುತ್ತೀರಿ, ಇಲ್ಲದಿದ್ದರೆ ತಿನ್ನುತ್ತಿರುವವನ ಬೆನ್ನ ಹಿಂದೆ ನಿಲ್ಲುತ್ತೀರಿ. ನನ್ನ ಮಗಳು ರೇಖಾ, ಅಳಿಯ ಪ್ರಶಾಂತ ಹಾಗಲ್ಲ. ಶನಿವಾರ ಮಧ್ಯಾಹ್ನ ಆರಾಮಾಗಿ ಊಟ ಮಾಡಬೇಕು ಅಂತ ಬುಧವಾರದಿಂದ ದುಡಿಯುತ್ತಾರೆ. ಇಬ್ಬರೂ ಮೋಟಾರು ಕಂಪನಿಯಲ್ಲಿ ಇಂಜಿನಿಯರುಗಳು. ಅಲ್ಲಿ ನಟ್ಟು ಬೋಲ್ಟು ಆರಿಸುವ ಹಾಗೆ ಇಲ್ಲಿ ಹೋಟೆಲು ಆರಿಸುತ್ತಾರೆ. ಇದಕ್ಕೆ ಎಷ್ಟು ನಕ್ಷತ್ರ, ಅದಕ್ಕೆ ಎಷ್ಟು, ಯಾರೋ ಒಬ್ಬ ನೀರು ತಣ್ಣಗಿರಲಿಲ್ಲ ಅಂತ ಬರೆದಿದ್ದಾನೆ ನೋಡು, ಕಾರು ನಿಲ್ಲಿಸಲು ಜಾಗ ಇದೆಯಾ, ಮಗುವಿಗೆ ಪೆನ್ಸಿಲ್ಲು ಕಾಗದ ಕೊಡುತ್ತಾರಾ. ಒಂದು ಮದುವೆ ಗೊತ್ತು ಮಾಡುವಾಗಲೂ ನಾವು ಇಷ್ಟು ವಿಚಾರಿಸಿರಲಿಲ್ಲ. ರೇಖಾಳ ಮದುವೆಯನ್ನಂತೂ ಎರಡು ಕಪ್ ಚಹಾದಲ್ಲಿ ಮುಗಿಸಿದ್ದೆವು.

ಹೋದ ತಿಂಗಳು ಒಂದು ವಾರ ಮೆಕ್ಸಿಕೋದವರ ಊಟ ಅಂತಾಯಿತು. ಮಾಲಿನಲ್ಲಿ ಒಂದು ದೊಡ್ಡದಿತ್ತಂತೆ, ಗೋಡೆ ತುಂಬ ಟೋಪಿ ನೇತುಹಾಕಿದ್ದು. ಸ್ಟೇಷನ್ನಿನ ಹತ್ತಿರ ಇನ್ನೊಂದು. ಕೊನೆಗೆ ನಮ್ಮ ಓಣಿಯಿಂದ ಹತ್ತು ನಿಮಿಷ ನಡೆದರೆ ಸಿಗುವ, ಐದೇ ಮೇಜಿನ ಸಣ್ಣ ಅಂಗಡಿ ಗೆದ್ದಿತು. ಗೆದ್ದದ್ದು ರುಚಿಗಲ್ಲ. ಇಲ್ಲಿ ಒಂದು ಗುಟುಕು ಬಿಯರು ಕುಡಿದರೂ ಕಾರು ಮುಟ್ಟುವಂತಿಲ್ಲ, ಪ್ರಶಾಂತನಿಗೆ ಬಿಯರು ಬೇಕಿತ್ತು.

ನಾನು ಅಲ್ಲೇ ಸೋಫಾದ ಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದೆ. ಪ್ರಶಾಂತ ನನ್ನ ಕಡೆ ನೋಡಿ ಅತ್ತೆಯವರಿಗೆ ಆಗುತ್ತಾ ಅಂತ ಹೆಂಡತಿಯನ್ನು ಕೇಳಿದ. ನನ್ನನ್ನಲ್ಲ, ಹೆಂಡತಿಯನ್ನು.

“ಅಮ್ಮಂಗೆ ಎಲ್ಲಾದ್ರೂ ಓಕೆ,” ಅಂದಳು ಮಗಳು. “ನಾನು ಲಿಸ್ಟ್ ಕಳ್ಸಿದೀನಿ ಬಿಡಿ.”

ಯಾವ ಲಿಸ್ಟು ಅಂತ ನಾನು ಕೇಳಲಿಲ್ಲ. ಕಿವಿ ಬೇರೆ ಕಡೆ ಹೋಗಿತ್ತು. ಮೆಕ್ಸಿಕೋದವರೂ ನಮ್ಮ ಹಾಗೇ ರೊಟ್ಟಿ, ಕಾಳು, ಚಟ್ನಿ ತಿನ್ನುವವರು ಅಂತ ಅವಳು ಆಗಲೇ ಹೇಳಿದ್ದಳು. ರೊಟ್ಟಿ ಅಂದ ಮೇಲೆ ನನಗೆ ಬೇರೇನೂ ಕೇಳಿಸುವುದಿಲ್ಲ. ದಾವಣಗೆರೆಯಲ್ಲಿ ಒಂದು ಖಾನಾವಳಿಗೆ ಇಪ್ಪತ್ತೆಂಟು ವರ್ಷ ಜೋಳದ ರೊಟ್ಟಿ ಬಡಿದು ಕೊಟ್ಟವಳು ನಾನು. ಈಗಲೂ ನನ್ನ ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ನನ್ನನ್ನೇ ಬೈಯುತ್ತೀರಿ. ಮಗಳ ಮನೆಯಲ್ಲಿ ಬಾಯಿಬಿಟ್ಟು ಇಂಥದ್ದು ಬೇಕು ಅಂತ ಕೇಳಬಾರದು ಅನ್ನುವುದು ನನ್ನ ತಾಯಿ ಹೇಳಿಕೊಟ್ಟ ಪಾಠ. ಹಾಕಿದ್ದನ್ನು ಉಣ್ಣಬೇಕು, ಎಲೆ ಮಡಚಿ ಏಳಬೇಕು. ಮೊಮ್ಮಗಳು ಇಂಚರಳನ್ನು ನೋಡಿಕೊಳ್ಳಲು ನಾನು ಇಲ್ಲಿಗೆ ಬಂದು ಎರಡೂವರೆ ವರ್ಷವಾಯಿತು. ಅಷ್ಟೂ ದಿನ ಭಾನುವಾರ ಅವರಿಗೆ ಕೋಳಿ ಸಾರು, ನನಗೆ ಬೇರೆ ಪಾತ್ರೆಯಲ್ಲಿ ತೊವ್ವೆ. ಕೋಳಿ ಬೇಯುವ ವಾಸನೆ ನನ್ನ ಕೋಣೆಗೆ ಬಂದು, ಚಾಪೆ ಮೇಲೆ ಕೂತು, ನನ್ನ ಮುಖ ನೋಡಿ ಹೋಗುತ್ತಿತ್ತು. ನಾನೇನು ಹುಟ್ಟಾ ತೊವ್ವೆಯವಳೇ? ಗಂಡ ಸತ್ತಾಗ ಒಂದು ವರ್ಷ ಮುಟ್ಟುವುದಿಲ್ಲ ಅಂದಿದ್ದೆ, ಮುಟ್ಟಲಿಲ್ಲ. ವರ್ಷ ತುಂಬಿತು. ಇವರಿಗೆ ಅದು ತುಂಬಲೇ ಇಲ್ಲ. ಮುದುಕಿಗೆ ಮಾಂಸ ಯಾಕೆ ಅಂದುಕೊಂಡಿರಬೇಕು ಅಂತ ನಾನೂ ಒಳಗೊಳಗೇ ಕುದಿಯುತ್ತ ಮೇಲೆ ತೊವ್ವೆ ಚೆನ್ನಾಗಿದೆ ಅನ್ನುತ್ತಿದ್ದೆ. ಈ ಸುಳ್ಳಿನ ಪಾಲು ನನ್ನದು, ಒಪ್ಪಿದೆ.

ಆ ಶನಿವಾರ ಅಂಗಡಿಯ ಬಾಗಿಲು ತೆಗೆದ ಕೂಡಲೇ ಹೆಂಚಿನ ಮೇಲೆ ಮುಸುಕಿನ ಜೋಳದ ರೊಟ್ಟಿ ಸುಡುವ ವಾಸನೆ. ಇಂಥ ವಾಸನೆ ಕುಡಿದು ಎಷ್ಟು ದಿನವಾಗಿತ್ತೋ. ಅಂಗಡಿಯ ಯಜಮಾನ ಮೊರಿ-ಸಾನ್ ಅನ್ನುವವನು, ಐವತ್ತು ದಾಟಿದ ತೆಳ್ಳಗಿನ ಮನುಷ್ಯ. ಒಳಗೆ ಹೆಂಚಿನ ಮುಂದೆ ಅವನ ಹೆಂಡತಿ ರೋಸಾ, ಮೆಕ್ಸಿಕೋದವಳು, ನನ್ನ ಹಾಗೇ ತೋಳು ಗಟ್ಟಿ ಇರುವ ಹೆಂಗಸು. ಅರ್ಧ ಬಾಗಿಲಿನ ಮೇಲಿಂದ ಇಣುಕಿ ನೋಡಿದೆ. ಹಿಟ್ಟಿನ ಉಂಡೆಯನ್ನು ಎರಡು ಕಬ್ಬಿಣದ ತಟ್ಟೆಗಳ ನಡುವೆ ಇಟ್ಟು ಹಿಡಿ ಒತ್ತುತ್ತಾಳೆ, ಅಷ್ಟೇ, ರೊಟ್ಟಿ. ಬಡಿಯುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಇಪ್ಪತ್ತೆಂಟು ವರ್ಷ ನಾನು ಯಾವ ಸುಖಕ್ಕೆ ಕೈ ನೋಯಿಸಿಕೊಂಡೆ ಅನ್ನಿಸಿತು.

ಕೂತ ಮೇಲೆ ಮೊರಿ-ಸಾನ್ ಒಂದು ಕಾಗದ ಹಿಡಿದು ಬಂದ. ನನ್ನ ಪಕ್ಕ ಮೊಣಕಾಲೂರಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ರೇಖಾಳನ್ನು ಏನೋ ಕೇಳಿದ. ಪ್ರತಿ ಸಾಲಿಗೂ ಅವಳು ಹಾಯ್ ಹಾಯ್ ಅಂತ ಹೂಂಗುಟ್ಟಿದಳು. ಆ ಕಾಗದ ನೋಡಿ ನನಗೆ ಆಶ್ಚರ್ಯವಾಯಿತು. ಅದು ನಮ್ಮ ಫ್ರಿಜ್ಜಿನ ಮೇಲಿನ ಕಾಗದದ್ದೇ ನಕಲು! ಯಾವ ವಾರ ಯಾವ ಕಸ ಹೊರಗಿಡಬೇಕು ಅನ್ನುವ ಪಟ್ಟಿ ಅಂತ ಎರಡೂವರೆ ವರ್ಷ ನಾನು ನಂಬಿದ್ದ ಕಾಗದ. ಇಲ್ಲಿ ಕಸದ್ದೇ ಒಂದು ದೊಡ್ಡ ಶಾಸ್ತ್ರ, ಎಲ್ಲರ ಮನೆಯಲ್ಲೂ ಅಂಥ ಪಟ್ಟಿ ಇರುತ್ತದೆ. ಏಳು ಸಾಲು, ವಾರಕ್ಕೆ ಏಳು ದಿನ, ಲೆಕ್ಕ ಸರಿ ಇತ್ತು. ನಮ್ಮ ಕಸದ ಪಟ್ಟಿ ಇವನ ಹತ್ತಿರ ಯಾಕಿದೆ ಅಂತ ಪಕ್ಕದಲ್ಲಿದ್ದ ಇಂಚರಳನ್ನು ಕೇಳಿದೆ. ಅವಳು ಒಂದನೇ ಕ್ಲಾಸು, ಈಗಷ್ಟೇ ಓದು ಬಂದಿದೆ, ಕಂಡದ್ದನ್ನೆಲ್ಲ ಓದುತ್ತಾಳೆ.

“ಗೋಮಿ ಅಲ್ಲ ಅಜ್ಜಿ,” ಅಂದಳು ಅವಳು, ಕಸಕ್ಕೆ ಇಲ್ಲಿ ಗೋಮಿ ಅನ್ನುತ್ತಾರೆ. “ದಿಸ್ ಈಸ್ ಯೂ.”

ಅವಳ ತಾಯಿಗೂ ಇಲ್ಲಿಯ ದೊಡ್ಡ ಲಿಪಿ ಬರುವುದಿಲ್ಲವಾದ್ದರಿಂದ ಕಾಗದ ಮಕ್ಕಳ ಅಕ್ಷರದಲ್ಲೇ ಇತ್ತು. ಮೊಮ್ಮಗಳು ಬೆರಳಿಟ್ಟು ಓದಿ, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ನನಗೆ ನನ್ನನ್ನು ಹೇಳಿದಳು. ಮಾಂಸ ತಿನ್ನುವುದಿಲ್ಲ. ಮೊಟ್ಟೆ ತಿನ್ನುವುದಿಲ್ಲ. ಖಾರ ಆಗುವುದಿಲ್ಲ, ಅದು ವಿಮಾನದಿಂದ ಇಳಿದ ವಾರ ಹೊಟ್ಟೆ ಕೆಟ್ಟಿದ್ದಕ್ಕೆ. ಗಟ್ಟಿ ಪದಾರ್ಥ ಬೇಡ. ಅದು ಒಂದು ಹಲ್ಲು ನೋಯುತ್ತಿದ್ದಾಗ, ಆ ಹಲ್ಲು ಇದೇ ಊರಿನಲ್ಲಿ ಕಿತ್ತುಹಾಕಿ ಎರಡು ವರ್ಷವಾಗಿದೆ. ತಣ್ಣಗಿನದು ಬೇಡ, ಒಂದು ಚಳಿಗಾಲದ ಕೆಮ್ಮು. ಈರುಳ್ಳಿ ಬೆಳ್ಳುಳ್ಳಿ ಬೇಡ, ಒಂದು ಶ್ರಾವಣ ಮಾಸ. ಏಳನೆಯದು, ಹುಳಿ ಬೇಡ. ಅದು ಯಾವಾಗಿನದೋ ನನಗೂ ನೆನಪಿಲ್ಲ. ನನ್ನ ಒಂದೊಂದು ಬೇನೆಯೂ ಬಂದು ಹೋಗಿತ್ತು, ಕಾಗದದಲ್ಲಿ ಮಾತ್ರ ಒಂದೂ ಹೋಗಿರಲಿಲ್ಲ. ಇಷ್ಟು ದಿನ ಊರಿನ ಹೋಟೆಲುಗಳಿಗೆಲ್ಲ ಇದೇ ಹೋಗುತ್ತಿತ್ತಂತೆ. ಹೋದಲ್ಲೆಲ್ಲ ನನ್ನ ಮುಂದೆ ಬಿಳಿ ಅನ್ನ, ಬೇಯಿಸಿದ ಕುಂಬಳಕಾಯಿ ಯಾಕೆ ಬರುತ್ತಿತ್ತು ಅಂತ ಆಗ ಗೊತ್ತಾಯಿತು. ಈ ದೇಶದಲ್ಲಿ ಮುದುಕರಿಗೆ ಹೀಗೇ ಕೊಡುತ್ತಾರೆ ಅಂದುಕೊಂಡಿದ್ದೆ.

ಅವತ್ತೂ ಅದೇ ಬಂತು. ನನಗಾಗಿ ಬೇರೆ ಚಾಕು, ಬೇರೆ ಬಾಣಲೆ ಬಳಸಿದ್ದಾಗಿ ಮೊರಿ-ಸಾನ್ ತಲೆಬಾಗಿ ಹೇಳಿ ಹೋದ. ಅವನ ಮೇಲೆ ಹೇಗೆ ಸಿಟ್ಟಾಗಲಿ? ಎದುರಿಗೆ ಅವರೆಲ್ಲ ಬಿಸಿ ರೊಟ್ಟಿ ಮಡಚಿ, ಒಳಗೆ ಕೋಳಿ ತುಂಬಿ, ಕೆಂಪು ಚಟ್ನಿ ಸುರಿದುಕೊಂಡು ಕಚ್ಚುತ್ತಿದ್ದಾರೆ. ನಾನು ಮಗಳ ತಟ್ಟೆಗೆ ಕೈ ಚಾಚಿ ಕೋಳಿ ತುಂಬಿದ ಒಂದು ರೊಟ್ಟಿ ಎತ್ತಿಕೊಂಡೆ.

ಮೊರಿ-ಸಾನ್ ಓಡಿ ಬಂದ. ಸುಮಿಮಾಸೆನ್, ಸುಮಿಮಾಸೆನ್ ಅಂತ ಕ್ಷಮೆ ಕೇಳುತ್ತ, ಮುಖ ಬೆಳ್ಳಗೆ ಮಾಡಿಕೊಂಡು, ತಟ್ಟೆಯನ್ನು ನನ್ನ ಕೈಗೆ ಎಟುಕದಷ್ಟು ದೂರ ಸರಿಸಿದ. ನನ್ನ ಕೈಯಲ್ಲಿದ್ದದ್ದನ್ನೂ ಎರಡೂ ಕೈಯಲ್ಲಿ ವಿನಯವಾಗಿ ಇಸಿದುಕೊಂಡ. ತಿಂದರೆ ನಾನು ಅಲ್ಲೇ ಬಿದ್ದು ಸಾಯುತ್ತೇನೆ ಅಂತ ಅವನು ತಿಳಿದಿದ್ದ. ರೇಖಾ ಏನೇನೋ ಸಮಜಾಯಿಷಿ ಹೇಳಿದಳು. ಅವನು ಇನ್ನೂ ಕೆಳಗೆ ಬಾಗಿದ. ಇವತ್ತಿನ ಮೇಜು ಈ ಪಟ್ಟಿಯ ಮೇಲೆ ಕಾಯ್ದಿಟ್ಟದ್ದು, ಇದನ್ನು ಮೀರಿ ಕೊಡಲಾರೆ, ಪಟ್ಟಿ ಸರಿಮಾಡಿಕೊಂಡು ಇನ್ನೊಮ್ಮೆ ದಯಮಾಡಿಸಬೇಕು ಅಂದನಂತೆ. ಒಳಗಿನಿಂದ ರೋಸಾ ಇಣುಕಿ ನನ್ನ ಮುಖ, ಗಂಡನ ಕೈಯಲ್ಲಿದ್ದ ರೊಟ್ಟಿ ಎರಡನ್ನೂ ನೋಡಿದಳು. ಅವಳೊಬ್ಬಳಿಗೆ ಅರ್ಥವಾಗಿತ್ತು ಅನ್ನಿಸುತ್ತದೆ.

“ಅಪ್ಪ ಹೋದ್ಮೇಲೆ ಬಿಟ್ಟೆ ಅಂತ ನೀನೇ ಅಲ್ವಾ ಹೇಳಿದ್ದು?” ಅಂದಳು ಮಗಳು.

“ಒಂದು ವರ್ಷ ಅಂದಿದ್ದೆ.”

“ಮತ್ತೆ ಹೇಳ್ಬೇಕಿತ್ತಮ್ಮ.”

“ನೀನು ಕೇಳಬೇಕಿತ್ತು.”

ಪ್ರಶಾಂತ ಬಿಯರಿನ ಲೋಟದೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ನೋಡುತ್ತಿದ್ದ. ನಾನು ಕುಂಬಳಕಾಯಿ ತಿಂದೆ. ಮನೆಗೆ ಬಂದು, ಚಪ್ಪಲಿ ಕಳಚುವುದಕ್ಕೂ ಮುಂಚೆ ಫ್ರಿಜ್ಜಿನ ಮೇಲಿದ್ದ ಕಾಗದವನ್ನು ಹರಿದೆ. ಯಾವ ಕಸಕ್ಕೆ ಹಾಕಬೇಕೋ ತಿಳಿಯದೆ ಜೇಬಿನಲ್ಲೇ ಇಟ್ಟುಕೊಂಡೆ.

ಸಿಟ್ಟಿನ ಗುಣ ನಿಮಗೆ ಗೊತ್ತು. ಒಬ್ಬರ ಮೇಲೆ ಎತ್ತಿ ಎಸೆಯಲು ಹೋದರೆ ಹಿಂದಕ್ಕೆ ಬೀಸುವಾಗ ನಮ್ಮ ತಲೆಗೇ ತಗಲುತ್ತದೆ. ಆ ರಾತ್ರಿಯೋ ಮಾರನೆಯ ದಿನವೋ ನಮ್ಮತ್ತೆ ನೆನಪಾದಳು. ಸತ್ತು ಮೂವತ್ತು ವರ್ಷದ ಮೇಲಾಯಿತು. ಅವಳನ್ನು ನೆನಪಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ಬದುಕಿದ್ದಾಗಲೇ ಸಾಕಷ್ಟು ನೆನಪಿಸುತ್ತಿದ್ದಳು.

ದಾವಣಗೆರೆಯಲ್ಲಿ ನಮ್ಮ ಓಣಿಯ ಮೂಲೆಯಲ್ಲಿ ಸಂಜೆ ಒಬ್ಬ ತಳ್ಳುಗಾಡಿ ನಿಲ್ಲಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದ. ಬಾಣಲೆಗೆ ಮೊದಲ ಮೆಣಸಿನಕಾಯಿ ಬಿದ್ದರೆ ಓಣಿಯೆಲ್ಲ ಒಂದು ಸಲ ಕೆಮ್ಮಬೇಕು. ಅತ್ತೆಗೆ ಒಮ್ಮೆ ಹೊಟ್ಟೆಹುಣ್ಣಾಗಿ, ಡಾಕ್ಟರು ಹದಿನೈದು ದಿನ ಎಣ್ಣೆ ಖಾರ ಬೇಡ ಅಂದ. ನಾನು ಅದನ್ನು ನಾಲ್ಕು ವರ್ಷ ನಡೆಸಿದೆ. ಗಂಜಿ ಮಾಡುವುದು ಸಲೀಸು, ಮುದುಕಿ ಮಲಗಿದರೆ ನನಗೆ ಕೆಲಸ, ರೊಟ್ಟಿಯ ಕೆಲಸ ಬಿಡುವ ಹಾಗಿರಲಿಲ್ಲ. ಕಾಳಜಿ ಅಂತ ಆಗ ಹೇಳಿಕೊಳ್ಳುತ್ತಿದ್ದೆ. ಅತ್ತೆ ಬಂದು ಕೇಳಿದರೆ ಕೊಡಬೇಡ ಅಂತ ಗಾಡಿಯವನಿಗೂ ತಾಕೀತು ಮಾಡಿದ್ದೆ. ಒಂದು ಸಂಜೆ ಅವಳು ಕೋಲೂರಿಕೊಂಡು ಮೂಲೆಯವರೆಗೆ ಹೋದಳು. ನಿಮ್ಮ ಸೊಸೆ ಬೇಡ ಅಂದಿದ್ದಾಳೆ ಅಂತ ಅವನು ನಾಲ್ಕು ಜನರ ಮುಂದೆ ಹೇಳಿದನಂತೆ. ವಾಪಸು ಬಂದು ಕಟ್ಟೆಯ ಮೇಲೆ ಕೂತು, ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕಡೆ ತಿರುಗಿಯೂ ನೋಡದೆ ಅಂದಳು:

“ನನ್ ಬಾಯಿಗೆ ಬೀಗ ಹಾಕೀಯ ಅಂತ ಓಣಿಗೆಲ್ಲ ಗೊತ್ತೈತಿ. ನನಗೊಬ್ಬಾಕಿಗೆ ಗೊತ್ತಿರಲಿಲ್ಲ.”

ಆಗ ನಾನು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದೆ, ಕೇಳಿಸಲಿಲ್ಲ ಅನ್ನುವ ಹಾಗೆ. ಅವಳು ಮತ್ತೆ ಯಾವತ್ತೂ ಕೇಳಲಿಲ್ಲ. ಗಂಜಿ ಕುಡಿದೇ ಹೋದಳು.

ಇಷ್ಟು ಬರೆಯುವ ಹೊತ್ತಿಗೆ ರೇಖಾ ಬಂದು ನಿಂತಳು. ಈ ಸಲ ಬುಧವಾರದ ಗದ್ದಲವಿರಲಿಲ್ಲ. ಅಮ್ಮ, ಇವತ್ತು ಎಲ್ಲಿಗೆ ಹೋಗೋಣ ಅಂತ ಕೇಳಿದಳು. ಕೇಳುವುದಕ್ಕೆ ಒಂದು ತಿಂಗಳು ಬೇಕಾಯಿತು ಅವಳಿಗೆ. ರೊಟ್ಟಿ ಒತ್ತುವವಳ ಅಂಗಡಿಗೆ ಅಂದೆ. ಪೆನ್ನು ಮುಚ್ಚಿಟ್ಟು ಹೋದೆ.

ಈಗ ಮಧ್ಯಾಹ್ನ ಮೂರು ಗಂಟೆ, ಉಂಡು ಮನೆಗೆ ಬಂದು ಕೂತಿದ್ದೇನೆ. ಮೊರಿ-ಸಾನ್ ಕಾಗದ ಕೇಳಿದ. ಕಾಗದ ಇಲ್ಲ ಅಂತ ಇಂಚರಳ ಕೈಯಲ್ಲಿ ಹೇಳಿಸಿದೆ. ಅವನು ನನ್ನನ್ನೇ ನೋಡಿ, ನಿಧಾನವಾಗಿ, ಏನು ಕೊಡಲಿ ಅಂತ ಕೇಳಿದ. ನಾನು ಮೆನುವಿನ ಚಿತ್ರದ ಮೇಲೆ ಬೆರಳಿಟ್ಟೆ. ಕೋಳಿ, ಎರಡು ರೊಟ್ಟಿ, ಪಕ್ಕದಲ್ಲಿ ಸುಟ್ಟ ಹಸಿಮೆಣಸಿನಕಾಯಿ. ರೊಟ್ಟಿ ಪರವಾಗಿಲ್ಲ, ಬಡಿದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮೆಣಸಿನಕಾಯಿ ಎರಡನೆಯದಕ್ಕೇ ಕಣ್ಣು ಮೂಗು ಒಂದಾಯಿತು, ಈಗ ಹೊಟ್ಟೆಯೊಳಗೆ ಒಲೆ ಹಚ್ಚಿದ ಹಾಗಿದೆ. ನೋಡಿದ್ಯಾ, ಅದಕ್ಕೇ ನಾನು ಅಂತ ಮಗಳು ಬಾಯಿ ತೆರೆದಳು. ಹೊಟ್ಟೆ ನನ್ನದು, ಉರಿಯೂ ನನ್ನದು ಅಂದೆ. ಮಜ್ಜಿಗೆ ಮಾಡಿಟ್ಟಿದ್ದಾಳೆ, ಕುಡಿ ಅಂತ ಮಾತ್ರ ಹೇಳಿಲ್ಲ. ಕಲಿಯುತ್ತಾಳೆ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಸತ್ತ ಹಿರಿಯರಿಗೆ ಅವರು ಆಸೆಪಟ್ಟು ತಿನ್ನುತ್ತಿದ್ದದ್ದನ್ನು ಮಾಡಿ ಎಡೆ ಇಡಬೇಕು. ಗಂಡನಿಗೆ ಪ್ರತಿ ವರ್ಷ ಕೋಳಿ ಇಡುತ್ತೇನೆ, ಒಂದು ಬೀಡಿಯನ್ನೂ. ಅತ್ತೆಯ ಎಲೆಗೆ ಮಾತ್ರ ಮೂವತ್ತು ವರ್ಷದಿಂದ ಮೆತ್ತಗಿನ ಅನ್ನ, ಹಾಲು, ಬಾಳೆಹಣ್ಣು. ಸತ್ತ ಮೇಲೂ ಪಥ್ಯ ಬಿಡಿಸಿರಲಿಲ್ಲ ನಾನು. ಈ ಸಲ ಕಡಲೆಹಿಟ್ಟು ಬೇಕು, ಮೂಲೆಯ ಅಂಗಡಿ ಕೊಂಬಿನಿಯಲ್ಲಿ ಸಿಗುವುದಿಲ್ಲ, ಎಲ್ಲಿ ಸಿಗುತ್ತದೋ ನೋಡಿ ತಾ ಅಂತ ಪ್ರಶಾಂತನಿಗೆ ಹೇಳಿದ್ದೇನೆ. ಮೆಣಸಿನಕಾಯಿ ರೋಸಾ ಕೊಟ್ಟಳು, ಕಾಗದದಲ್ಲಿ ಸುತ್ತಿ, ಐದು. ಒಂದರ ಬೀಜವನ್ನೂ ತೆಗೆಯದೆ ಕರಿಯುತ್ತೇನೆ.