ಗಿಡ್ಡ ಸ್ಪ್ರಿಂಗಿನ ಗಾಡಿ

ಗಾಲಿ ಮಡ್‌ಗಾರ್ಡಿಗೆ ಉಜ್ಜಿ ಟೈರು ಸೀಳಬಹುದಿತ್ತು. ರೋಡ್ ಹಂಪಿನ ಮೇಲೆ ಗಾಡಿಯ ಹೊಟ್ಟೆ ಕೂತು ಇಂಜಿನ್ ಎಣ್ಣೆಯೆಲ್ಲ ರಸ್ತೆಗೆ ಹರಿಯಬಹುದಿತ್ತು. ಭೂಸನೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದಿಟ್ಟ ತಗ್ಗಿನಲ್ಲಿ ಒಂದು ಗಾಲಿ ಜೋತುಬಿದ್ದಾಗ ಸ್ಪ್ರಿಂಗು ಜಾಗ ಬಿಟ್ಟು ಉರುಳಿಹೋಗಿ, ಯಾರೋ ಅದನ್ನು ಎತ್ತಿಕೊಂಡು ಬಂದು "ಇದು ನಿಮ್ದೇನ್ರಿ?" ಎಂದು ಕೇಳಬಹುದಿತ್ತು. ಶಾಕ್ ಅಬ್ಸಾರ್ಬರ್ ಸೋರಬಹುದಿತ್ತು. ಹೆಂಡತಿಯ ನಡು ಹಿಡಿಯಬಹುದಿತ್ತು. ಅದಕ್ಕಿಂತ ಮೊದಲು ಅವಳು ಬಾಯಿ ಬಿಡಬಹುದಿತ್ತು. ಇದನ್ನೆಲ್ಲ ನಾನು ಮುಂಚೆಯೇ ಯೋಚಿಸಿ, ನಿದ್ದೆಗೆಟ್ಟು, ಸಿದ್ಧನಾಗಿದ್ದೆ. ಆದರೆ ಆದದ್ದು ನಾನು ಯೋಚಿಸದೇ ಇದ್ದ ಒಂದು ಸಣ್ಣ ಸಂಗತಿ.

ತೊಂಬತ್ತರ ದಶಕದ ಆರಂಭದ ಮಾತು. ಆಳಂದದಲ್ಲಿ ನನ್ನದೊಂದು ಔಷಧದ ಅಂಗಡಿ, ಅಫಜಲಪುರದಲ್ಲಿ ಗೆಳೆಯನದೊಂದು ಬೀಜ-ಗೊಬ್ಬರದ ಅಂಗಡಿ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಇಬ್ಬರೂ ಒಂದೇ ನಮೂನೆಯ ಹಳೆಯ ಸಣ್ಣ ಕಾರು ಕೊಂಡಿದ್ದೆವು. ಅವನು ಯಾವುದೋ ಕೆಲಸಕ್ಕೆ ಪುಣೆಗೆ ಹೋದವನು ಅಲ್ಲಿ ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರು ನೋಡಿ ಹುಚ್ಚನಾಗಿ ಬಂದ. ನಮ್ಮ ಕಡೆಯ ರಸ್ತೆಗಳಿಗೆ ಗಾಡಿಯನ್ನು ಇನ್ನೊಂದು ಗೇಣು ಎತ್ತರಿಸಬೇಕು. ಅವನು ತಗ್ಗಿಸೋಣ ಎಂದ.

"ಎರಡೂ ಗಾಡಿಗೆ ಹಾಕಸೂಣು. ನೀ ಒಬ್ಬನ ಅಲ್ಲ, ನಾನೂ ಅದೇನಿ," ಎಂದ.

ಆ ಮಾತಿಗೇ ನಾನು ಬಿದ್ದದ್ದು. ತಗ್ಗಿದ ಗಾಡಿಯ ಆಸೆ ನನಗೆ ಅಷ್ಟೇನೂ ಇರಲಿಲ್ಲ. ಆದರೆ ಹುಟ್ಟಿದಾಗಿನಿಂದ ಒಬ್ಬನೇ ಹೆದರುತ್ತ ಬಂದವನಿಗೆ ಹೆದರಲು ಒಂದು ಜೊತೆ ಸಿಗುವುದೆಂದರೆ ಸಣ್ಣ ಮಾತಲ್ಲ.

ಅವನೇ ಹೋಗಿ ಎರಡು ಸೆಟ್ಟು ಗಿಡ್ಡ ಸ್ಪ್ರಿಂಗು ತಂದ. ಒಳ್ಳೇ ಕುಂಕುಮದಂಥ ಕೆಂಪು ಬಣ್ಣ. ಜೇವರ್ಗಿಯ ಒಂದು ಗ್ಯಾರೇಜಿನಲ್ಲಿ ಹಾಕಿಸುವುದೆಂದಾಯಿತು. ಮೇಸ್ತ್ರಿ ಸ್ಪ್ರಿಂಗನ್ನು ಹಳೆಯದರ ಪಕ್ಕ ನಿಲ್ಲಿಸಿ ನೋಡಿದ.

"ಸ್ಪ್ರಿಂಗ್ ಗಿಡ್ಡ ಅದ, ಶಾಕ್ ಮಾತ್ರ ಕಂಪನಿದ ಉದ್ದಂದು. ಜೋಡಿ ಹೊಂದಂಗಿಲ್ರಿ ಸಾಹೇಬ್ರ. ಗಾಡಿ ಕುಣೀತದ."

"ಕುಣಿದ್ರ ನಾವೂ ಕುಣೀತೇವಿ, ಹಾಕು," ಎಂದ ಗೆಳೆಯ. "ಮೊದಲ ಇವಂದು. ನಂದು ನಾಳಿಗೆ."

ಹಾಕಿದ ಮೇಲೆ ಖಾಲಿ ಗಾಡಿ ಚೆಂದವಾಗಿಯೇ ನಿಂತಿತು. ಆದರೆ ನಮ್ಮ ಕಡೆ ಕಾರಿನಲ್ಲಿ ನಾಲ್ಕೇ ಜನ ಕೂತರೆ ಅದನ್ನು ಖಾಲಿ ಗಾಡಿ ಎನ್ನುತ್ತಾರೆ. ಮೇಸ್ತ್ರಿ ಎದುರಿನ ಚಹಾದಂಗಡಿಗೆ ಹೋಗಿ ದಪ್ಪನೆಯವರನ್ನೇ ಆರಿಸಿ ಕರೆತಂದ. ಅವರು ಗ್ಲಾಸು ಹಿಡಿದುಕೊಂಡೇ ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಗಾಡಿ ಎಮ್ಮೆ ಮಲಗಿದಂತೆ ಕೆಳಗಿಳಿಯಿತು. ಗೆಳೆಯ ಬಗ್ಗಿ ಟೈರಿನ ಮೇಲಿನ ಸಂದಿನಲ್ಲಿ ಬೆರಳು ತೂರಿಸಿ ನೋಡಿದ. ಎದ್ದು ನಿಂತು ಬೆರಳು ಒರೆಸಿಕೊಂಡ.

"ಹೆಂಗ?" ಎಂದೆ.

"ಏಕದಮ್ ಬರೋಬ್ಬರಿ ಅದಲೇ. ನೀ ಊರ ಮುಟ್ಟು. ನಾ ಇಲ್ಲೇ ಉಳದು ನಂದು ಮುಗಿಸ್ಕೊಂಡು ಬರ್ತೇನಿ."

ಆಮೇಲೆ ನನ್ನ ಜೀವನವೆಂದರೆ ಹಂಪುಗಳು. ಪ್ರತಿ ಹಂಪಿಗೂ ಗಾಡಿ ನಿಲ್ಲಿಸಿ ಹೆಂಡತಿಯನ್ನು ಇಳಿಸಿ, ಓರೆಯಾಗಿ ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಿದ್ದೆ. "ಗಾಡ್ಯಾಗ ಕುಂತದ್ದಕ್ಕಿಂತ ಇಳಿದದ್ದ ಭಾಳ ಆತು. ಇದರಕ್ಕಿಂತ ಬಸ್ ಪಾಡಿತ್ತು," ಎನ್ನುತ್ತಿದ್ದಳು ಅವಳು. ದಾಟಿದ ಮೇಲೂ ಗಾಡಿ ಸ್ವಲ್ಪ ಹೊತ್ತು ತೂಗುತ್ತಲೇ ಇರುತ್ತಿತ್ತು, ಎಲ್ಲದಕ್ಕೂ ಹೌದ್ಹೌದು ಎನ್ನುವವರ ತಲೆಯ ಹಾಗೆ.

ಗೆಳೆಯ ಆಗಾಗ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಮಾಡುತ್ತಿದ್ದ.

"ನಿಂದು ತಗ್ಗಿನಾಗ ಬಿದ್ದಾಗ ಸದ್ದು ಮಾಡ್ತದೇನು?"

"ಸ್ವಲ್ಪ ಟಣ್ ಅಂತದ."

"ನಂದೂ ಹಂಗಽ ಅಂತದ. ಟೈರ್ ಸವದಾವೇನು?"

"ಒಳಗಿನ ಬಾಜೂ ಸವ್ಯಾಕತ್ತಾವ."

"ನಂದೂ ಅಷ್ಟ. ಅಂಜಬ್ಯಾಡ."

ಫೋನು ಇಟ್ಟ ಮೇಲೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತೆಂದರೆ, ಅವತ್ತು ರಾತ್ರಿ ಊಟಕ್ಕೆ ಎರಡು ರೊಟ್ಟಿ ಹೆಚ್ಚೇ ಸೇರುತ್ತಿದ್ದವು. ಅಫಜಲಪುರದಲ್ಲೂ ಒಬ್ಬ ಟಣ್ ಎಂಬ ಸದ್ದಿಗೆ ಉಸಿರು ಹಿಡಿಯುತ್ತಿದ್ದಾನೆ ಎಂಬ ಸಮಾಧಾನ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಮಾತ್ರ ಅವನು ಯಾವಾಗಲೂ ಬಸ್ಸಿನಲ್ಲೇ ಬಂದಿರುತ್ತಿದ್ದ. ಪಾಪ, ಅವನ ಗಾಡಿಯ ಪರಿಸ್ಥಿತಿ ನನ್ನದಕ್ಕಿಂತ ಕೆಟ್ಟದಿರಬೇಕು ಎಂದುಕೊಂಡು ನಾನೇ ಅವನಿಗೆ ಧೈರ್ಯ ಹೇಳಿದ್ದೂ ಉಂಟು.

ಬೇಸಿಗೆಯಲ್ಲೊಮ್ಮೆ ಅಫಜಲಪುರದ ಒಬ್ಬ ಡಾಕ್ಟರಿಗೆ ಔಷಧ ಮುಟ್ಟಿಸಲು ಹೋದವನು, ಹೇಳದೆ ಕೇಳದೆ ಅವನ ಮನೆಗೆ ಹೋದೆ. ಅವನಿರಲಿಲ್ಲ. ಅವನ ಹೆಂಡತಿ, "ಬರ್ರಿ ಅಣ್ಣಾರ, ಬಿಸಲಾಗ ಬಂದೀರಿ," ಎಂದು ಪಡಸಾಲೆಯಲ್ಲಿ ಕೂರಿಸಿ ನೀರು ತರಲು ತಿರುಗಿದರು.

ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಕೊಡಗಳಿದ್ದವು. ದುಂಡು ತಳದ ಕೊಡ ಹಾಗೇ ನಿಲ್ಲುವುದಿಲ್ಲ, ಕೆಳಗೆ ಏನಾದರೂ ಬೇಕು. ಒಂದೊಂದು ಕೊಡದ ಕೆಳಗೂ ಒಂದೊಂದು ಸ್ಪ್ರಿಂಗು ನಿಂತಿತ್ತು.

ನಾನು ಅತ್ತಲೇ ನೋಡುವುದನ್ನು ಕಂಡು ಅವರು, "ಜೇವರ್ಗಿಯಿಂದ ಬಂದ ದಿನಾನೇ ಕೊಟ್ರು ನೋಡ್ರಿ. ಇವನ್ನ ಇಟ್ಟಾಗಿಂದ ಕೊಡ ಒಂದೀಟೂ ಅಲ್ಲಾಡಂಗಿಲ್ಲ," ಎಂದು ನೀರಿನ ತಂಬಿಗೆ ಕೈಗಿತ್ತರು.

ಅಷ್ಟರಲ್ಲಿ ಹೊರಗೆ ಕಾರಿನ ಸದ್ದಾಯಿತು. ಗಟಾರದ ಕಲ್ಲನ್ನು ಅನಾಯಾಸವಾಗಿ ದಾಟಿ, ಕೊಂಡ ದಿನ ಇದ್ದಷ್ಟೇ ಎತ್ತರದಲ್ಲಿ ಬಂದು ನಿಂತಿತು. ಗೆಳೆಯ ಇಳಿದ. ಪಕ್ಕದಲ್ಲಿ ನನ್ನ ಗಾಡಿ ನೆಲ ಕಚ್ಚಿ ನಿಂತಿದ್ದನ್ನು ನೋಡಿ, ಬಗ್ಗಿ, ಟೈರಿನ ಮೇಲಿನ ಸಂದಿನಲ್ಲಿ ಬೆರಳು ತೂರಿಸಿದ. ಆಮೇಲೆ ಒಳಗೆ ಬಂದ.

"ಯಾವಾಗ ಬಂದೆಲೇ? ಗಾಡಿ ಹೆಂಗದ, ಇನ್ನೂ ಸದ್ದು ಮಾಡ್ತದೇನು?"

"ನಿಂದು?" ಎಂದೆ.

"ನಂದೂ ಹಂಗಽ," ಎಂದ, ರೂಢಿಯಂತೆ. ಹೇಳಿದ ಮೇಲೆ ನನ್ನ ಕೈಯಲ್ಲಿದ್ದ ತಂಬಿಗೆ ನೋಡಿದ, ಆಮೇಲೆ ಮೂಲೆಯ ಕೊಡಗಳನ್ನು.

ನಾನು ನೀರು ಕುಡಿದೆ. ತಣ್ಣಗಿತ್ತು. ನನ್ನ ಗಾಡಿಯ ಸ್ಪ್ರಿಂಗುಗಳು ಆ ಹೊತ್ತಿಗೆ ಎರೆಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಕೊಡದ ಕೆಳಗಿನವು ಕೆಂಪಗೇ ಇದ್ದವು, ಒಂದು ಗೀರು ಕೂಡ ಇರಲಿಲ್ಲ.