ಕಾಜಾ ಅತ್ತೆ ಒತ್ತಿದ ಗುಂಡಿ

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಕಾಜಾ ಅತ್ತೆ ಎಂದು. ಅವಳು ಹೊಲಿದ ಕಾಜಾದಲ್ಲಿ ಗುಂಡಿ ಕೂತರೆ ಅಂಗಿ ಹರಿದೀತು, ಗುಂಡಿ ಜಾರದು. ಅಂಥವಳನ್ನೂ ಒಂದು ಗುಂಡಿ ಕೆಡವಿತು. ಅದು ಮೊಬೈಲಿನೊಳಗಿನ ಗುಂಡಿ.

ಅವಳ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್. ಕರೆಂಟಿನದು ದಿನವಿಡೀ ದುಡಿಯುತ್ತಿತ್ತು. ಅವಳ ತಾಯಿ ಬಿಟ್ಟುಹೋದ, ಕಾಲಿನಿಂದ ತುಳಿಯುವ ಮೆಷಿನ್ ಮಾತ್ರ ಮುಸುಕು ಹೊದ್ದು ಮೂಲೆಯಲ್ಲಿ ನಿಂತಿತ್ತು. "ಸುಮ್ನೆ ನಿಂತ್ರೆ ತುಕ್ಕು ಹಿಡಿಯುತ್ತೆ, ಯಾರಾದ್ರೂ ತುಳೀಲಿ" ಎಂದು ಅದನ್ನು ಬಾಡಿಗೆ ಆ್ಯಪಿಗೆ ಹಾಕಿದಳು. ಫೋಟೊ ಆಯಿತು, ವಿವರ ಆಯಿತು. ಕೊನೆಗೆ ಎರಡು ಗುಂಡಿ: 'ಬಾಡಿಗೆ ಮಾತ್ರ', 'ಬಾಡಿಗೆ-ಸ್ವಂತ'. ಅತ್ತೆ ಯೋಚಿಸಲೇ ಇಲ್ಲ. ಮೆಷಿನ್ ಸ್ವಂತದ್ದು, ಕದ್ದು ತಂದದ್ದಲ್ಲ. ಸ್ವಂತದ ಮೇಲೆ ಒತ್ತಿದಳು.

ಆ ಮಾತಿನ ಅರ್ಥವೇ ಬೇರೆ. ಬಾಡಿಗೆಗೆ ಪಡೆದವರು ಕಂತು ಮುಗಿಸಿದರೆ ವಸ್ತು ಅವರದೇ ಆಗುತ್ತದೆ. ಇಷ್ಟನ್ನು ಗುಂಡಿಯ ಕೆಳಗೆ ಒಂದು ಸಾಲಿನಲ್ಲಿ ಬರೆಯಲು ಆ ಕಂಪನಿಗೆ ಏನು ರೋಗ? ಠೇವಣಿ ಯಾವಾಗ ವಾಪಸು, 'ಸಹಜ ಸವಕಳಿ' ಎಂದರೆ ಎಷ್ಟು ಸವೆಯಬಹುದು, ಒಂದನ್ನೂ ಬಿಡಿಸಿ ಹೇಳದೆ 'ಒಪ್ಪಿದ್ದೇನೆ' ಎಂದು ಒತ್ತಿಸಿಕೊಳ್ಳುತ್ತಾರೆ. ಹಿಂದೆ ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಈಗ ಓದು ಬಂದವರದ್ದೂ ಹೆಬ್ಬೆಟ್ಟೇ.

ಮೆಷಿನ್ ಒಯ್ದವಳು ಆಸ್ಪತ್ರೆಗಳಿಗೆ ಪರದೆ ಹೊಲಿಯುವ ಹೆಂಗಸು. ಕೊಡುವಾಗ ಅತ್ತೆ ಹೇಳಿದ್ದು ಇಷ್ಟೇ: "ನಮ್ಮಮ್ಮ ತುಳಿದ ಮೆಷಿನ್ ಇದು. ವಾಪಸ್ ತರೋವಾಗ ಎಣ್ಣೆ ಹಾಕಿ ತಾ."

ಕೆಲವು ತಿಂಗಳಾದ ಮೇಲೆ ಮೊಬೈಲಿಗೆ ಸಂದೇಶ ಬಂತು: 'ಕಂತು ಮುಗಿದಿದೆ. ಒಡೆತನ ವರ್ಗಾವಣೆಯಾಗಿದೆ. ಅಭಿನಂದನೆಗಳು.' ಅತ್ತೆ ಅದನ್ನು ನನಗೆ ತೋರಿಸಿದಳು. ಅರ್ಥ ಹೇಳಿದೆ. ಮೆಷಿನ್ ನಿಂತಿದ್ದ ಮೂಲೆಗೆ ಹೋಗಿ ನಿಂತಳು.

"ಅಮ್ಮನ ಮೆಷಿನ್ ಕಣೋ."

ಕಂಪನಿಗೆ ಫೋನ್ ಮಾಡಿದೆ. "ಅವರೇ ಒತ್ತಿದ್ದಾರೆ ಸಾರ್" ಎಂದಿತು ಸಕ್ಕರೆಯಂಥ ದನಿ. ಪರದೆಯವಳ ಮನೆಗೇ ಹೋಗಿ ಕೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ.

"ಒತ್ತಿದ್ದು ನಾನು, ಅವಳೇನು ಮಾಡ್ತಾಳೆ? ತೆಪ್ಪಗೆ ಕೂತ್ಕೋ," ಎಂದಳು ಅತ್ತೆ.

ಆ ಸಂಜೆಯೇ ಬಾಗಿಲಿಗೆ ಆಟೊ ಬಂತು. ಒಳಗೆ ಮೆಷಿನ್, ಪಕ್ಕದಲ್ಲಿ ಅದನ್ನು ತಬ್ಬಿ ಹಿಡಿದ ಪರದೆಯವಳು.

"ಇದನ್ಯಾಕೆ ತಂದೆ? ನಿಂದೇ ಆಯ್ತಲ್ಲ," ಎಂದಳು ಅತ್ತೆ.

"ಯಾರು ಹೇಳಿದ್ದು?"

"ಮೊಬೈಲು."

"ಮೊಬೈಲು ಹೇಳಿದ್ರೆ ನಾಳೆ ಯಜಮಾನ್ರನ್ನೂ ಕೊಟ್ಬಿಡ್ತೀರಾ ಅಕ್ಕ?"

"ಅವರನ್ನ ಬಾಡಿಗೆಗೂ ಯಾರೂ ಕೇಳಲ್ಲ ಬಿಡು."

ಒಳಗೆ ಮಾವ ಕೆಮ್ಮಿದರು.

ಪರದೆಯವಳು ಮೆಷಿನ್ ಇಳಿಸಿ ಬೆವರು ಒರೆಸಿಕೊಂಡಳು. "ಮೆಷಿನ್ ನಿಂದೇ ಅಂತ ನಂಗೂ ಮೆಸೇಜ್ ಬಂತು. ಆದ್ರೆ ವಾಪಸ್ ತರೋವಾಗ ಎಣ್ಣೆ ಹಾಕು ಅಂದಿದ್ರಿ. ಮಾರೋರು ಹಂಗಂತಾರಾ? ಏನೋ ತಪ್ಪು ಒತ್ತಿದೀರಿ ಅನ್ಕೊಂಡೆ. ಆ್ಯಪಲ್ಲೂ ನಿಮ್ಮ ಹೆಸರಿಗೇ ತಿರುಗಿಸಿದೀನಿ."

ಕಂಪನಿಯ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಅಷ್ಟು ಉದ್ದದ ಷರತ್ತುಗಳನ್ನು ಬದಿಗಿಟ್ಟು ಬಾಯಿಮಾತಿನ ಒಂದೇ ಸಾಲನ್ನು ನೆನಪಿಟ್ಟುಕೊಂಡ ಆ ಹೆಂಗಸಿಗೆ ನಾವು ಮನೆಮಂದಿಯೆಲ್ಲ ಋಣಿಗಳು. ಕಾನೂನು ಅವಳ ಕಡೆಗಿತ್ತು. ಅವಳು ಅತ್ತೆಯ ಕಡೆ ನಿಂತಳು.

ಅತ್ತೆ ಚಕ್ರ ತಿರುಗಿಸಿ ಕಿವಿಯಿಟ್ಟಳು. ಒಂದು ಕಿರ್ ಇಲ್ಲ. ಸೆರಗಿನಿಂದ ಕಣ್ಣು ಒರೆಸಿ, ಮೆಷಿನ್ನನ್ನು ಮತ್ತೆ ಆಟೊ ಕಡೆ ತಳ್ಳಿದಳು.

"ಹೊಲಿಯೋ ಪರದೆ ಅರ್ಧಕ್ಕೆ ನಿಂತಿರುತ್ತೆ, ತಗೊಂಡ್ಹೋಗು."

"ಬಾಡಿಗೆನಾ ಅಕ್ಕ, ಸ್ವಂತನಾ?"

"ಎಣ್ಣೆ ಹಾಕಿ ತಾ," ಎಂದಳು ಅತ್ತೆ.