ಬೇಚರಾಕ್ ಊರಿಗೆ ಬರುವ ಅತಿಥಿ

ಸರ್ವೆ ಇಲಾಖೆಯಿಂದ ನಿವೃತ್ತರಾದ ಹುಚ್ಚರಾಯಪ್ಪನವರಿಗೆ ಈಗಿನ ಊರುಗಳ ಮೇಲೆ ನಂಬಿಕೆ ಕಡಿಮೆ. ನೂರು ವರ್ಷ ಹಿಂದಿನ ನಕ್ಷೆಯಲ್ಲಿಲ್ಲದ ಡಾಂಬರು ರಸ್ತೆಯನ್ನು ಅದು ಇಲ್ಲವೆಂಬಂತೆಯೇ ದಾಟುತ್ತಾರೆ. ಸೊರಬದ ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಆ ನಕ್ಷೆ, ಕಾಲ ಬಳಿ ಲೋಹ ಹುಡುಕುವ ಯಂತ್ರ. ನಕ್ಷೆಯಲ್ಲಿ ‘ಬೇಚರಾಕ್’ ಎಂದು ಬರೆದಿರುವ, ಜನ ಬಿಟ್ಟುಹೋದ ಊರುಗಳೇ ಅವರಿಗೆ ಬೇಕು. ಹಳೆಯ ಗಾಡಿದಾರಿ ಬಾವಿಯ ಕಡೆಗೆ ಎಲ್ಲಿ ತಿರುಗುತ್ತದೋ ಅಲ್ಲೇ ಮನೆಗಳಿದ್ದವೆಂದು ಹೆಜ್ಜೆ ಎಣಿಸಿ ನಿಲ್ಲುತ್ತಾರೆ. ಜಡೆ ಊರಿನ ಕಡೆ ದನ ಮೇಯಿಸುವ ಗುಡ್ಡಮ್ಮ “ನಿಧಿ ಸಿಕ್ತೇನ್ರಿ ಸಾಹೇಬ್ರೆ?” ಎಂದರೆ, “ಸಿಕ್ತು ಕಣಮ್ಮ, ಒಂದು ಅಡಿಗೆಮನೆ” ಎಂದು ತುಕ್ಕು ಹಿಡಿದ ಸೌಟು ತೋರಿಸಿ, ನಕ್ಷೆಯಲ್ಲಿ ಗುರುತು ಹಾಕಿಕೊಂಡು, ಅದನ್ನು ಅಲ್ಲೇ ಮತ್ತೆ ಹೂಳುತ್ತಾರೆ. ಯಂತ್ರ ಚಾಲೂ ಮಾಡುವ ಮುಂಚೆ ಮಾತ್ರ ಒಂದು ಕೆಲಸ ತಪ್ಪುವುದಿಲ್ಲ: ಚಪ್ಪಲಿ ಬಿಟ್ಟು, ಬಾಗಿಲಿದ್ದಿರಬಹುದಾದ ಪೊದೆಯ ಮುಂದೆ ನಿಂತು, “ಯಾರಿದೀರ್ರಿ ಒಳಗೆ?” ಎಂದು ಕೂಗಿ, ಯಾರಾದರೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟು ಹೊತ್ತು ಕಾಯುತ್ತಾರೆ. ಸಂಜೆ ಶಿಕಾರಿಪುರದ ತಮ್ಮ ಬಾಡಿಗೆ ಕೋಣೆಯ ಬೀಗ ತೆಗೆಯುವಾಗ ಅವರು ಯಾರನ್ನೂ ಕೂಗುವುದಿಲ್ಲ.